ಮುಳುಗುವವರ ಮುಖ

ಕಳೆದ ದಸರಾ ಆದಮೇಲೆ ಬಸವೇಶ್ವರನಗರದ ಸೋಮಲಿಂಗಪ್ಪನವರು ತಲೆ ತಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡರು. ಎಷ್ಟು ತಗ್ಗಿಸಿದರೆಂದರೆ, ಬಡಾವಣೆಯ ರಸ್ತೆಗುಂಡಿಗಳಿಗೆಲ್ಲ ಅವರ ಮುಖಪರಿಚಯವಾಗಿ, ಕೆಲವು ಹಳೆಯ ಗುಂಡಿಗಳು ಅವರನ್ನು ಕಂಡ ಕೂಡಲೇ ಒತ್ತರಿಸಿಕೊಂಡು ದಾರಿ ಬಿಡುತ್ತವೆ ಎಂದು ಜನ ಆಡಿಕೊಂಡರು. ದಿನಸಿ ಅಂಗಡಿ ಮನೆಯಿಂದ ಉಗುಳಿದರೆ ಬೀಳುವಷ್ಟು ಹತ್ತಿರ. ಆದರೂ ಕಾಲು ಕೆಜಿ ಸಕ್ಕರೆಗಾಗಿ ಅವರು ವಿಜಯನಗರದವರೆಗೆ ನಡೆದು ಹೋಗಿ ಬರುತ್ತಾರೆ. ಕಾರಣ ಕೇಳಿದರೆ ಡಾಕ್ಟರು ವಾಕಿಂಗ್ ಹೇಳಿದ್ದಾರೆ ಅನ್ನುತ್ತಾರೆ. ಡಾಕ್ಟರು ಏನೂ ಹೇಳಿಲ್ಲ. ಕಾರಣ ಒಂದು ಹಡಗು.

ಸೋಮಲಿಂಗಪ್ಪನವರು ದಾವಣಗೆರೆ ಕಡೆಯವರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಆಯಸ್ಸು ಸವೆಸಿದವರು. ಅವರು ಬೀದಿಯ ಆ ತುದಿಯಲ್ಲಿ ಸ್ಕೂಟರ್ ನಿಲ್ಲಿಸಿದರೆ ಈ ತುದಿಯ ತಕ್ಕಡಿಗಳು ತಾವೇ ನೆಟ್ಟಗಾಗುತ್ತಿದ್ದವಂತೆ. ಹೆದರಿದ ಒಂದು ತಕ್ಕಡಿಯಂತೂ ಕೆಜಿ ಬೇಳೆಗೆ ಒಂದೂಕಾಲು ಕೆಜಿ ತೂಗಿ, ಅಂಗಡಿಯವನನ್ನು ಮುಳುಗಿಸಿತಂತೆ. ಮನೆಯಲ್ಲೂ ಅದೇ ದರ್ಬಾರು. ಹೆಂಡತಿ ಗಿರಿಜಾದೇವಿ ಬಡಿದ ರೊಟ್ಟಿಗೆ ಕ್ಯಾಲಿಪರ್ ಹಿಡಿದು, ಈ ಅಂಚು ಕೂದಲೆಳೆಯಷ್ಟು ದಪ್ಪ ಅಂದದ್ದಕ್ಕೆ ಆಕೆ ಒಂದು ವಾರ ಬರೀ ಅನ್ನ ಬಡಿಸಿದರು.

ನಿವೃತ್ತಿಯಾದ ವರ್ಷ ಇಬ್ಬರೂ ಟೂರಿಸ್ಟ್ ಬಸ್ಸಿನಲ್ಲಿ ಕಾರವಾರಕ್ಕೆ ಹೋದರು. ಅಲ್ಲಿ ಕಡಲತೀರದಲ್ಲಿ ಒಂದು ಹಳೆಯ ಯುದ್ಧನೌಕೆಯನ್ನು ಜನ ನೋಡಲೆಂದು ನಿಲ್ಲಿಸಿದ್ದಾರೆ. ಉಳಿದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಸೋಮಲಿಂಗಪ್ಪನವರು ಜೇಬಿನಿಂದ ಟೇಪು ತೆಗೆದು ಅಳೆಯತೊಡಗಿದರು. ಕಾವಲುಗಾರ ಓಡಿ ಬಂದು, ಸಾರ್, ಮಾರಾಟಕ್ಕಿಲ್ಲ ಅಂದನಂತೆ. ಊರಿಗೆ ಬಂದವರು ಬಾಲ್ಕನಿಯಲ್ಲಿದ್ದ ತುಳಸಿ, ದೊಡ್ಡಪತ್ರೆಗಳನ್ನು ಟೆರೇಸಿಗೆ ಗಡೀಪಾರು ಮಾಡಿ ಅಲ್ಲೊಂದು ಹಡಗುಕಟ್ಟೆ ತೆರೆದರು. ಇಂಜೆಕ್ಷನ್ ಸೂಜಿ ಫಿರಂಗಿಯ ನಳಿಗೆಯಾಯಿತು. ಗಿರಿಜಾದೇವಿ ಸೀರೆಗೆ ಫಾಲ್ ಹೊಲೆಯುವ ನೈಲಾನ್ ದಾರ ಡೆಕ್ಕಿನ ಸುತ್ತಲಿನ ತಡೆಹಗ್ಗವಾಯಿತು. ಎಸ್.ಪಿ. ರೋಡಿನಿಂದ ತಂದ ಪ್ಲಾಸ್ಟಿಕ್ ಹಾಳೆಗಳನ್ನು ಕೊಯ್ದು, ಉಜ್ಜಿ, ಅಂಟಿಸಿ, ನೂರಕ್ಕೆ ಒಂದರ ಅಳತೆಯಲ್ಲಿ ಅವರು ಕಟ್ಟಿದ ಹಡಗುಗಳನ್ನು ನಿಜವಾದ ನೌಕಾಪಡೆ ಕಂಡಿದ್ದರೆ ತನ್ನ ಹಡಗುಗಳನ್ನೇ ರಿಪೇರಿಗೆ ಕಳಿಸುತ್ತಿತ್ತು.

ದೊಡ್ಡ ಕೆಲಸಕ್ಕೆ ಕೈ ಹಾಕಿದ್ದು ಆಮೇಲೆ. ಎಪ್ಪತ್ತೊಂದರ ಯುದ್ಧದಲ್ಲಿ ಏಟು ತಿಂದು ಮುಳುಗಿದ ನಮ್ಮದೇ ಒಂದು ಹಡಗು. ಹೆಸರು ಇಲ್ಲಿ ಬೇಡ; ಅದರಲ್ಲಿದ್ದವರ ಮನೆಗಳು ಇನ್ನೂ ಇವೆ. ಸೋಮಲಿಂಗಪ್ಪನವರು ಅದರ ನಕ್ಷೆ, ಫೋಟೋ ಎಲ್ಲವನ್ನೂ ಎಲ್ಲೆಲ್ಲಿಂದಲೋ ತರಿಸಿ, ಮುಳುಗುತ್ತಿರುವ ಕ್ಷಣವನ್ನೇ ಕಟ್ಟಲು ಕೂತರು. ಹಿಂಭಾಗ ನೀರೊಳಗೆ, ಮೂತಿ ಮೇಲಕ್ಕೆ, ಹತ್ತಿಗೆ ಮಸಿ ಬಳಿದು ಮಾಡಿದ ಹೊಗೆ. ಏಣಿಯ ಮೆಟ್ಟಿಲು ಒಂದು ಹೆಚ್ಚಿಲ್ಲ, ಕಿಟಕಿ ಒಂದು ಕಡಿಮೆಯಿಲ್ಲ.

ಸಮುದ್ರಕ್ಕೆ ರೆಸಿನ್ ಸುರಿಯಬೇಕಾಯಿತು. ಅದು ಜೇನಿನಂತೆ ಸುರಿದು ಗಾಜಿನಂತೆ ಗಟ್ಟಿಯಾಗುವ ಅಂಟು. ವಾಸನೆ ಮಾತ್ರ ಘೋರ. ಬಡಾವಣೆ ಸಂಘದ ಕಾರ್ಯದರ್ಶಿ ನಾಗರಾಜು, ಹೇರೋಹಳ್ಳಿಯ ಹಳೇ ಒಕ್ಕಲು ಮನೆತನದವರು, ಈಗ ಲಗ್ಗೆರೆಯ ತನಕ ಬಾಡಿಗೆ ಮನೆಗಳಿರುವ ಕುಳ. ಅವರು ಸಂಘದ ವಾಟ್ಸಾಪಿನಲ್ಲಿ "ಯಾರೋ ಹಿರಿಯರ ಮನೆಯಿಂದ ವಿಷಾನಿಲ ಬರುತ್ತಿದೆ, ದಯವಿಟ್ಟು ಗಮನಿಸಿ" ಎಂದು ಹಾಕಿ ಕೆಳಗೆ ಕೈ ಮುಗಿಯುವ ಚಿತ್ರ ಅಂಟಿಸಿದರು. ಆ ಮುಗಿದ ಕೈಗಳು ಸೋಮಲಿಂಗಪ್ಪನವರ ಎದೆಗೆ ಗುದ್ದಿದವು.

ನೀರಿನಲ್ಲಿ ಈಜುವ, ಒದ್ದಾಡುವ ನಾವಿಕರನ್ನು ಮಾಡುವ ಹೊತ್ತಿಗೆ ಈ ಉರಿ ಇನ್ನೂ ಆರಿರಲಿಲ್ಲ. ಹಡಗಿನ ಪ್ರತಿ ಮೊಳೆಗೂ ನಕ್ಷೆಯಿತ್ತು, ನಾವಿಕರ ಮುಖಕ್ಕೆ ಇರಲಿಲ್ಲ. ಅಳತೆಗೆ ಬೇಕಾದದ್ದು ಆಳು, ಮುಖ ಯಾರದಾದರೇನು? ತಲೆ ಅಂದರೆ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಉಸಿರು ಬಿಗಿಹಿಡಿದು, ಒಂದೇ ಕೂದಲಿನ ಕುಂಚದಿಂದ ಅವರು ಮೊದಲನೆಯವನಿಗೆ ನಾಗರಾಜುವಿನ ಮಿರಿಮಿರಿ ಬೋಳುತಲೆ ಕೊಟ್ಟರು. ಹಾಯೆನಿಸಿತು. ಎರಡನೆಯವನಿಗೆ ಭಾವಮೈದುನ ಗಿರಿರಾಜನ ಹೊಟ್ಟೆ ಕೊಟ್ಟು ಅಂಗಾತ ತೇಲಿಬಿಟ್ಟರು. ಮೂರನೆಯವನು, ತಾವು ಸೇವೆಯಲ್ಲಿದ್ದಾಗ ತಕ್ಕಡಿಯ ಕೆಳಗೆ ಅಯಸ್ಕಾಂತ ಅಂಟಿಸಿ ತಮ್ಮ ಕೈಗೇ ಸಿಕ್ಕಿಬಿದ್ದಿದ್ದ ದಿನಸಿ ಅಂಗಡಿ ಮಹೇಶ್. ಬೀದಿಗೇ ನೆರಳು ಕೊಡುವಂಥ ಅವನ ಮೀಸೆಯನ್ನು ಸಾಸಿವೆಯ ಮೇಲೆ ಬಿಡಿಸಿದಾಗ ಸೋಮಲಿಂಗಪ್ಪನವರು ಬಾಲ್ಕನಿಯಲ್ಲಿ ಒಬ್ಬರೇ ಗಹಗಹಿಸಿ ನಕ್ಕರು. ಹೀಗೆ ಬೀದಿ ಅರ್ಧಕ್ಕರ್ಧ ಅರಬ್ಬೀ ಸಮುದ್ರಕ್ಕೆ ಬಿತ್ತು.

ಗಿರಿಜಾದೇವಿ ಬೆಂಗಳೂರಿಗೆ ಬಂದಮೇಲೆ ದಸರಾ ಬೊಂಬೆ ಕೂರಿಸುವುದನ್ನು ಕಲಿತಿದ್ದರು. ಆ ವರ್ಷ ಮೆಟ್ಟಿಲುಗಳ ಪಕ್ಕದಲ್ಲಿ ಹಡಗೂ ಕೂರಬೇಕೆಂದು ಗಂಡ ಹಟ ಹಿಡಿದರು.

"ಮುಳುಗೋ ಹಡಗನ್ನ ಹಬ್ಬದಲ್ಲಿ ಯಾರಾದ್ರೂ ಕೂರಿಸ್ತಾರೇನ್ರೀ? ಪಟ್ಟದ ಬೊಂಬೆ ಪಕ್ಕದಲ್ಲಿ?"

"ಪೂರ್ತಿ ಮುಳುಗಿಲ್ಲ ಕಣೇ. ಅರ್ಧಾನೇ."

ಬೊಂಬೆ ಕೂರಿಸಿದ ಮನೆಗೆ ಯಾರು ಬೇಕಾದರೂ ಬರಬಹುದು. ಬಂದವರು ರಾಜರಾಣಿಯರಿಗೆ ಬೆನ್ನು ತಿರುಗಿಸಿ ಹಡಗಿನ ಸುತ್ತ ನೆರೆದರು. ಅದರ ಗಾಜಿನ ಮುಚ್ಚಳದ ಪಕ್ಕದಲ್ಲಿ ದಾರ ಕಟ್ಟಿ ಭೂತಗನ್ನಡಿ ನೇತುಹಾಕಿತ್ತು. ಬೋಳುತಲೆಯನ್ನು ಮೊದಲು ಕಂಡುಹಿಡಿದದ್ದು ಸ್ವತಃ ನಾಗರಾಜುವೇ.

"ಏನ್ ಸಾರ್, ನನ್ನೇ ಮುಳುಗಿಸ್ಬಿಟ್ರಲ್ಲ! ಒಂದ್ ಲೈಫ್ ಜಾಕೆಟ್ ಆದ್ರೂ ಹಾಕ್ಬಾರ್ದಾ?" ಎಂದು ಹೊಟ್ಟೆ ಹಿಡಿದು ನಕ್ಕು, ಅದರ ಫೋಟೋ ತೆಗೆದು ಅದೇ ವಾಟ್ಸಾಪಿಗೆ ಹಾಕಿದರು.

ಅಲ್ಲಿಂದ ಶುರುವಾಯಿತು ಜಾತ್ರೆ. ನಾಯಂಡಹಳ್ಳಿಯಿಂದಲೂ ಜನ ಮೆಟ್ರೋ ಹತ್ತಿ ಬಂದರು. ಮನೆಯ ಮುಂದೆ ಬಿಟ್ಟ ಚಪ್ಪಲಿಗಳ ರಾಶಿ ಗೇಟು ದಾಟಿ, ಅಡ್ಡರಸ್ತೆ ದಾಟಿ, ಬಸ್‌ಸ್ಟಾಪಿನಲ್ಲಿ ಕ್ಯೂ ನಿಂತಿತ್ತು. "ಅಂಕಲ್, ನಮ್ ಮ್ಯಾನೇಜರ್‌ನ ಹಾಕ್ಕೊಡಿ, ಫೋಟೋ ಕಳಿಸ್ತೀನಿ" ಎಂದ ಒಬ್ಬ. "ನಮ್ಮತ್ತೆಗೆ ಜಾಗ ಇದ್ಯಾ ಸಾರ್?" ಎಂದಳು ಒಬ್ಬಳು, ಅತ್ತೆ ಅಲ್ಲೇ ಪಕ್ಕದಲ್ಲಿ ಕೋಸಂಬರಿ ತಿನ್ನುತ್ತಿದ್ದಾಗ. ಸೋಮಲಿಂಗಪ್ಪನವರು ಇಡೀ ಸೇವಾವಧಿಯಲ್ಲಿ ಜನರನ್ನು ಹೆದರಿಸಿದವರೇ ಹೊರತು ನಗಿಸಿದವರಲ್ಲ. ಆ ವಾರ ಅವರು ಅರ್ಧ ಅಡಿ ಎತ್ತರವಾಗಿದ್ದರು.

ಆಯುಧಪೂಜೆಯ ಸಂಜೆ ನಾಗರಾಜುವಿನ ಹೆಂಡತಿ ವಿಮಲಮ್ಮ ಒಬ್ಬ ಮುದುಕಿಯನ್ನು ಕರೆತಂದರು. ಸಣಕಲು ಮೈ, ತಲೆ ತುಂಬ ಸೆರಗು.

"ನಮ್ ಲಗ್ಗೆರೆ ಮನೇಲಿ ಬಾಡಿಗೆಗಿರೋ ಬಾಳೇಶನ ತಾಯಿ, ಪಾರವ್ವ ಅಂತ. ಗೋಕಾಕ್ ಕಡೆಯವರು. ಬೊಂಬೆ ನೋಡೇ ಇಲ್ವಂತೆ, ಬನ್ನಿ ಅಂತ ಕರ್ಕೊಂಡ್ ಬಂದೆ," ಎಂದವರೇ ವಿಮಲಮ್ಮ ಆಕೆಯನ್ನು ನೇರ ಹಡಗಿನ ಮುಂದೆ ನಿಲ್ಲಿಸಿ, ಕೆಳಗೆ ಬರೆದಿದ್ದ ಹೆಸರನ್ನು ಗಟ್ಟಿಯಾಗಿ ಓದಿದರು. ಆಮೇಲೆ ಭೂತಗನ್ನಡಿ ಹಿಡಿದು, "ಇಲ್ ನೋಡಿ, ಇಲ್ಲಿ, ಈ ಬೋಳುತಲೆ ಬಾಯ್ ಬಾಯ್ ಬಿಡ್ತಾ ಇದೆಯಲ್ಲ..." ಎಂದು ನಗತೊಡಗಿದರು.

ಪಾರವ್ವ ನಗಲಿಲ್ಲ. "ಹೆಸರ ಇನ್ನೊಮ್ಮೆ ಹೇಳ್ರಿ," ಎಂದಳು.

ವಿಮಲಮ್ಮ ಹೇಳಿದರು.

"ನಮ್ಮವ್ರು ಇದರಾಗ ಇದ್ರುರೀ," ಎಂದಳು ಪಾರವ್ವ. "ಎಂಜಿನ್ ಮನ್ಯಾಗ ಕೆಲಸ. ಬಾಳೇಶ ಆಗ ಹೊಟ್ಯಾಗಿದ್ದ."

ವಿಮಲಮ್ಮನ ನಗು ಬಾಯಲ್ಲೇ ಅರ್ಧಕ್ಕೆ ನಿಂತಿತು. ಕೋಸಂಬರಿಯ ತಟ್ಟೆ ಹಿಡಿದು ಬಂದ ಗಿರಿಜಾದೇವಿ ಬಾಗಿಲಲ್ಲೇ ನಿಂತರು. ಪಾರವ್ವ ಬಾಗಿ, ಭೂತಗನ್ನಡಿಯಿಲ್ಲದೆಯೇ, ನೀರಿನಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಇವ್ರೆಲ್ಲಾ ಯಾರ ಯಪ್ಪಾ?"

"ಅದು... ಅಳತೆ ಗೊತ್ತಾಗ್ಲಿ ಅಂತ," ಎಂದರು ಸೋಮಲಿಂಗಪ್ಪ. ತಮ್ಮ ದನಿ ತಮಗೇ ಯಾರೋ ಸುಳ್ಳುಸಾಕ್ಷಿ ಹೇಳುವವನ ದನಿಯಂತೆ ಕೇಳಿಸಿತು.

"ನಮ್ಮವ್ರು ಇದರಾಗ ಯಾರ್ರಿ?"

ಯಾರೂ ಇಲ್ಲ ತಾಯಿ ಎನ್ನಬಹುದಿತ್ತು. ಮೂರೇ ಮಾತು. ಆದರೆ ಆಕೆಯ ಮುಖ ಅಷ್ಟು ಹತ್ತಿರದಲ್ಲಿತ್ತು. ಇಲ್ಲ ಅಂದರೆ ಮುಂದಿನ ಪ್ರಶ್ನೆ ಏನೆಂಬುದು ಅವರಿಗೆ ಗೊತ್ತಿತ್ತು. ಕೈ ತಾನೇ ಎದ್ದು ಅಂಚಿನಲ್ಲಿದ್ದ ಒಬ್ಬನ ಕಡೆ ಬೆರಳು ಮಾಡಿತು. "ಇವರು... ಇವರೇ ಇರಬೇಕು."

ಬೆರಳು ನಿಂತಲ್ಲಿ ಇದ್ದವನು ದಿನಸಿ ಅಂಗಡಿ ಮಹೇಶ್.

ಪಾರವ್ವ ಈಗ ಭೂತಗನ್ನಡಿ ಹಿಡಿದು ನೋಡಿದಳು. "ಮೀಸಿ ಬಿಟ್ಟಿದ್ರನ ಕಡೀಕ?" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಅರಿಶಿನ ಕುಂಕುಮದ ತಟ್ಟೆಯಿಂದ ಒಂದು ಸೇವಂತಿಗೆ ಎತ್ತಿ ಗಾಜಿನ ಮೇಲೆ, ಸರಿಯಾಗಿ ಮಹೇಶನ ನೆತ್ತಿಗೆ ಬರುವಂತೆ ಇಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು. ವಿಮಲಮ್ಮ ಗೋಡೆ ನೋಡುತ್ತಿದ್ದರು. ತಿಂಗಳು ತಿಂಗಳೂ ಮಹೇಶನ ಅಂಗಡಿಯಿಂದಲೇ ಅಕ್ಕಿ ತರುವ ಗಿರಿಜಾದೇವಿ ಗಂಡನನ್ನು ನೋಡಿದರು. ಸೋಮಲಿಂಗಪ್ಪನವರು ಯಾರನ್ನೂ ನೋಡಲಿಲ್ಲ. ಆ ವಾರ ಏರಿದ್ದ ಅರ್ಧ ಅಡಿ ಹೋಗಿ ಅದರ ಕೆಳಗೆ ಇನ್ನೂ ಎರಡಡಿ ಇಳಿದಿದ್ದರು.

"ನಾಳಿ ಸೂಟಿ ಐತಿ," ಎಂದಳು ಪಾರವ್ವ ಹೊರಡುವಾಗ. "ಮಗನ್ನ ಕರಕೊಂಡ ಬರ್ತೀನ್ರಿ. ಅಂವ ಅಪ್ಪನ ನೋಡೇ ಇಲ್ಲ."

ವಿಜಯದಶಮಿಯ ಬೆಳಿಗ್ಗೆ ಸೋಮಲಿಂಗಪ್ಪನವರು ಮುಚ್ಚಳ ತೆಗೆದು, ಸೂಜಿಮೊನೆಯಿಂದ ಮಹೇಶನ ಮೀಸೆ ಕೆರೆಯತೊಡಗಿದರು. ಮೀಸೆ ಹೋಯಿತು. ಉಳಿದ ಮುಖ ಮಹೇಶನದ್ದೂ ಅಲ್ಲ, ಇನ್ನಾರದ್ದೂ ಅಲ್ಲ. ಇಷ್ಟು ಸಾಕಲ್ಲವೇ? ಸಾಸಿವೆಯಷ್ಟು ಮುಖ.

"ಯಾರಿಗೆ ಗೊತ್ತಾಗುತ್ತೆ," ಎಂದರು ಗಟ್ಟಿಯಾಗಿ.

ಅಂದವರೇ ಸೂಜಿ ಕೆಳಗಿಟ್ಟರು. ಈ ಮಾತನ್ನು ಅವರು ಎಷ್ಟು ಅಂಗಡಿಗಳ ಗಲ್ಲಾ ಹಿಂದಿನಿಂದ ಕೇಳಿರಲಿಲ್ಲ! ಕೇಳಿದಾಗೆಲ್ಲ ತಕ್ಕಡಿ ಹೊತ್ತು ಜೀಪಿಗೆ ಹಾಕಿಸಿದ್ದರು.

ಗಿರಿಜಾದೇವಿ ಬಾಗಿಲಿಗೆ ಮಾವಿನ ಎಲೆ ಕಟ್ಟುತ್ತಿದ್ದರು. ತಿರುಗಿ ನೋಡದೆಯೇ ಹೇಳಿದರು: "ಆಯಮ್ಮ ನಿನ್ನೆ ಮಹೇಶಂಗೆ ಹೂ ಹಾಕಿ ಹೋದ್ರು. ಇವತ್ತು ಮಗಾನೂ ಬಂದು ಕೈ ಮುಗೀಬೇಕಾ ರೀ? ಅವ್ರು ಬರೋದ್ರೊಳಗೆ ಹೋಗಿ ಹೇಳಿ."

"ನೀನೂ ಬಾರೇ."

"ಮುಳುಗಿಸಿದ್ದು ನಾನಲ್ಲ."

ವಿಮಲಮ್ಮನಿಂದ ವಿಳಾಸ ಕೇಳಿಕೊಂಡು ಹತ್ತಿದ ಆಟೊ ಲಗ್ಗೆರೆಯ ಕಡೆ ಹೊರಟಿತು. ಆಯುಧಪೂಜೆಗೆ ಒಡೆದ ಬೂದುಗುಂಬಳಗಳು ರಸ್ತೆ ತುಂಬ. ಅವನ್ನು ತಪ್ಪಿಸಿಕೊಂಡು ಆ ಆಟೊ ಹೋದ ಪರಿಗೆ ಸುತ್ತಮುತ್ತಲಿನ ಹಾವುಗಳೆಲ್ಲ ನಾಚಿ ನೆಟ್ಟಗೆ ಹರಿಯತೊಡಗಿರಬೇಕು. ಗಾಡಿ ಕೆಟ್ಟು ನಿಲ್ಲಲಿ, ಟೈರು ಪಂಕ್ಚರ್ ಆಗಲಿ, ಯಾವುದಾದರೂ ಮೆರವಣಿಗೆ ಅಡ್ಡ ಬರಲಿ ಎಂದು ಸೋಮಲಿಂಗಪ್ಪನವರು ಹಾದಿಯುದ್ದಕ್ಕೂ ಬೇಡಿಕೊಂಡರು. ಬೆಂಗಳೂರಿನ ಚರಿತ್ರೆಯಲ್ಲೇ ಮೊದಲ ಬಾರಿಗೆ ಎಲ್ಲ ಸಿಗ್ನಲ್ಲುಗಳೂ ಹಸಿರಾಗಿದ್ದವು.

ಮಹಡಿ ಮೆಟ್ಟಿಲ ಮೇಲೆ ಪಾರವ್ವ ಆಗಲೇ ಇಸ್ತ್ರಿ ಸೀರೆ ಉಟ್ಟು ಕೂತಿದ್ದಳು. ಹಿಂದೆ ಮಗ ಬಾಳೇಶ, ಪೀಣ್ಯದ ಕಾರ್ಖಾನೆಯಲ್ಲಿ ಫೋರ್‌ಮನ್, ಅರೆನರೆತ ತಲೆಯ ದೊಡ್ಡಾಳು, ಹೊಸ ಅಂಗಿಯ ಗುಂಡಿ ಹಾಕುತ್ತಿದ್ದ. ಆ ಹೊಸ ಅಂಗಿಯ ಮಡಿಕೆ ಗೆರೆಗಳನ್ನು ಕಂಡು ಸೋಮಲಿಂಗಪ್ಪನವರು ಮೆಟ್ಟಿಲ ಬುಡದಲ್ಲೇ ನಿಂತರು.

"ಅಯ್ಯ, ನೀವ ಬಂದ್ರ್ಯಾ! ನಾವ ಹೊಂಟಿದ್ವಿ. ಬರ್ರಿ, ಒಳಗ ಬರ್ರಿ."

"ಇಲ್ಲೇ ನಿಲ್ತೀನಿ," ಎಂದರು. "ಅವ್ವಾ, ನಿನ್ನೆ ನಾನು ತೋರಿಸಿದ್ದು ನಿಮ್ಮ ಯಜಮಾನ್ರನ್ನ ಅಲ್ಲ."

"ಮತ್ತ್ಯಾರ?"

"ನಮ್ಮ ಬೀದಿ ದಿನಸಿ ಅಂಗಡಿಯವನು."

ಬಾಳೇಶನ ಬೆರಳು ಗುಂಡಿಯ ಮೇಲೇ ನಿಂತಿತು. "ತಿಳೀಲಿಲ್ಲರಿ."

"ನೀರಲ್ಲಿ ಇರೋರು ಯಾರೂ ನಾವಿಕರಲ್ಲ. ನನಗಾಗದೇ ಇರೋರ ಮುಖ ಹಾಕಿದ್ದೆ. ತಮಾಷೆಗೆ. ಜನ ನೋಡಿ ನಕ್ಕರು. ನನಗೂ ಚೆನ್ನಾಗಿತ್ತು." ಉಳಿದದ್ದನ್ನು ಹೇಗೋ ನೂಕಿದರು: "ಅವ್ವ ಕೇಳಿದಾಗ ಸುಳ್ಳು ಹೇಳ್ಬಿಟ್ಟೆ."

"ತಮಾಷಿಗೆ," ಎಂದ ಬಾಳೇಶ ನಿಧಾನವಾಗಿ. "ನಮ್ಮಪ್ಪ ಸತ್ತ ನೀರಾಗ ನಿಮ್ಮ ಓಣಿ ಮಂದೀನ ಕುಣಿಸಿ, ಚುರುಮುರಿ ಹಂಚಿದ್ರಿ."

ಕೋಸಂಬರಿ, ಚುರುಮುರಿಯಲ್ಲ. ಸಣ್ಣ ತಪ್ಪನ್ನೂ ಬಿಡದ ಆ ನಾಲಿಗೆ ತಿದ್ದಲು ಎದ್ದೇ ಬಿಟ್ಟಿತ್ತು. ಸೋಮಲಿಂಗಪ್ಪನವರು ಅದನ್ನು ಹಲ್ಲಿನಡಿ ಒತ್ತಿ ಹಿಡಿದರು. ಇಂಥ ಹೊತ್ತಿನಲ್ಲೂ ತಮಗೆ ಅದು ಹೊಳೆಯಿತಲ್ಲ ಎಂದು ಇನ್ನೊಂದು ಪಾಲು ಕುಗ್ಗಿದರು.

"ಹಂಗಾದ್ರ ನಾ ಇಟ್ಟ ಹೂವ?" ಎಂದಳು ಪಾರವ್ವ. ಬೈಗುಳವಲ್ಲ, ನಿಜವಾದ ಪ್ರಶ್ನೆ. "ಅವ್ರಿಗೆ ಮುಟ್ಟಲಿಲ್ಲ ಅನ್ರಿ."

"ಇವತ್ತೇ ಸಮುದ್ರ ಒಡೆದು ಎಲ್ಲರನ್ನೂ ತೆಗೆದು ಹಾಕ್ತೀನಿ ಅವ್ವಾ. ಒಬ್ಬರೂ ಇರಲ್ಲ," ಎಂದರು.

"ಮಂದೀನ ತಗದ್ರ ಏನ ಉಳೀತೈತ್ರಿ? ಬರೇ ಕಬ್ಬಣ ಮುಳುಗಿದಂಗ ಆಕ್ಕೈತಿ. ಮಂದಿ ಇರ್ಲಿ."

"ಹಾಗಾದ್ರೆ ಅವರದ್ದೊಂದು ಫೋಟೋ ಕೊಡಿ. ನಾನು ಸರಿಯಾಗಿ..."

"ಬ್ಯಾಡ್ರಿ." ಆಕೆ ಸೆರಗು ಎಳೆದುಕೊಂಡಳು. "ಲಗ್ನ ಆದಮ್ಯಾಲ ಎರಡ ಸಲ ರಜಾಕ್ಕ ಬಂದಿದ್ರು, ಅಷ್ಟ. ಫೋಟೋ ನೋಡಿ ನೋಡಿ ಅವ್ರ ಖರೇ ಮಾರಿ ನನಗ ಮರತ ಹೋಗೇತಿ. ಇನ್ನ ನೀವೊಂದ ಮಾರಿ ಮಾಡಿ ಕೊಟ್ರ, ನಾಳಿಂದ ಅದೂ ಅವ್ರದ ಅನಸಾಕ ಹತ್ತತೈತಿ. ಮಾರಿ ಬ್ಯಾಡ. ಎಲ್ಲಾರಿಗೂ ಬೆನ್ನ ಮಾಡ್ರಿ."

ಸೋಮಲಿಂಗಪ್ಪನವರು ತಲೆಯಾಡಿಸಿದರು. ಅಂದು ತಗ್ಗಿದ ತಲೆ ಅದು.

"ಹಡಗಿಂದ ಎಲ್ಲಾ ಗೊತ್ತೈತಂತಲ್ರಿ ನಿಮಗ," ಎಂದಳು ಪಾರವ್ವ. "ಲಗೂನ ಮುಳಗಿತೇನ?"

ಅದು ಮುಳುಗಲು ಎಷ್ಟು ಹೊತ್ತು ಹಿಡಿಯಿತೆಂದು ಅವರಿಗೆ ಗೊತ್ತಿತ್ತು. ವಾರವಿಡೀ ಬಂದವರಿಗೆಲ್ಲ ಕಡ್ಡಿ ಹಿಡಿದು, ಮೊದಲು ಯಾವ ಕೋಣೆಗೆ ನೀರು ನುಗ್ಗಿತು, ದೀಪ ಯಾವಾಗ ಆರಿತು, ಯಾವ ಬಾಗಿಲು ಸಿಕ್ಕಿಕೊಂಡಿತು ಎಂದು ಕ್ರಿಕೆಟ್ ವರದಿಯಂತೆ ಒಪ್ಪಿಸಿದ್ದರು. ಕೇಳಿದವರು ಕೋಸಂಬರಿ ಅಗಿಯುತ್ತ ತಲೆದೂಗಿದ್ದರು.

"ಹೂಂ ಅವ್ವಾ. ಲಗೂನೇ," ಎಂದರು.

"ಚಲೋ ಆತು," ಎಂದು ಆಕೆ ಎದ್ದು ಒಳಗೆ ಹೋದಳು. ಇಸ್ತ್ರಿ ಸೀರೆ ಬಿಚ್ಚಿಡಲು ಇರಬೇಕು, ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು.

ಬಾಳೇಶ ಕರೆಯದೆಯೇ ಅವರ ಜೊತೆ ಬಸ್‌ಸ್ಟಾಪಿನವರೆಗೆ ಬಂದ. ಸ್ಟಾಪಿನಲ್ಲಿ ನಿಂತ ಮೇಲೆ, ರಸ್ತೆ ನೋಡುತ್ತಲೇ ಕೇಳಿದ:

"ಖರೇ ಹೇಳ್ರಿ. ಎಷ್ಟೊತ್ತು?"

ಸೋಮಲಿಂಗಪ್ಪನವರು ಹೇಳಿದರು. ಇದ್ದದ್ದು ಇದ್ದಷ್ಟು, ಹೆಚ್ಚಿಲ್ಲ, ಕಡಿಮೆಯಿಲ್ಲ.

"ಎಂಜಿನ್ ಮನ್ಯಾಗಿದ್ದವರಿಗೆ?"

"ಅದು ಯಾರಿಗೂ ಗೊತ್ತಿಲ್ಲಪ್ಪ."

ಬಾಳೇಶ ಹೊಸ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ತಿರುವಿನಲ್ಲಿ ಬಾಳೆಕಂದು ಕಟ್ಟಿಕೊಂಡ ಬಸ್ಸು ಕಾಣಿಸಿತು. "ಅವ್ವಗ ನೀವ ಹೇಳಿದ್ದ ಇರ್ಲಿ," ಎಂದು ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ. "ಹತ್ರಿ."

ಹೊರಟವರು ಬರ್ತೀನಿ ಅನ್ನುವುದು ವಾಡಿಕೆ. ಮತ್ತೆ ಬರುತ್ತೇನೆ ಎಂದು ಆ ಮುಖಕ್ಕೆ ಹೇಳುವ ಧೈರ್ಯ ಸೋಮಲಿಂಗಪ್ಪನವರಿಗೆ ಬರಲಿಲ್ಲ. ಹಾಗೇ ಹತ್ತಿದರು. ಸೀಟು ಖಾಲಿಯಿತ್ತು, ಕಂಡಕ್ಟರ್ ಕೂತ್ಕೊಳ್ಳಿ ಯಜಮಾನ್ರೇ ಅಂದರೂ ಕೂರದೆ, ಕಂಬಿ ಹಿಡಿದು ನಿಂತೇ ಹೋದರು.